ಚೋರನೂರಿನಲ್ಲೊಂದು ತೊಟ್ಟಿ ಕಡಲು

ಚೋರನೂರಿನಿಂದ ಹೊರಟು ಸಮುದ್ರ ನೋಡಬೇಕೆಂದರೆ ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕು. ಸಂಡೂರು ತಾಲ್ಲೂಕಿನ ಈ ಹೋಬಳಿಯಲ್ಲಿ ನೀರೆಂದರೆ ಬೋರ್‌ವೆಲ್ಲಿನ ನೀರು, ಇಲ್ಲವೆ ಮುಗಿಲು ಮನಸ್ಸು ಮಾಡಿದಾಗ ಕೆರೆಗೆ ಬರುವ ನೀರು. ಇಂಥ ಕಡೆ ನನ್ನ ತಂಗಿಯ ಮಗ ನಡುಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ತುಂಬಿ, ಸಮುದ್ರದ ಮೀನು ಸಾಕಿದ್ದಾನೆ. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆ ಇರುವ ಎರಡು ಕ್ಲೌನ್ ಮೀನು. ಅವನ ಮಗಳು ಸಿನಿಮಾದಲ್ಲಿ ನೋಡಿ ಹಟ ಹಿಡಿದಿದ್ದಳು. ಮೊದಲು ಓಣಿಯವರು ನಕ್ಕರು. ಆಮೇಲೆ ಸಂಜೆ ಹೊತ್ತು ಮಕ್ಕಳನ್ನು ಕರೆದುಕೊಂಡು ನೋಡಲು ಬರತೊಡಗಿದರು.

ಹಾಗೆ ನೋಡಿದರೆ ಈ ನೆಲಕ್ಕೆ ಕಡಲು ಹೊಸದೇನಲ್ಲ. ಸಂಡೂರಿನ ಬೆಟ್ಟಸಾಲಿನ ಕಲ್ಲುಗಳಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ನೀರಿನಡಿಯಲ್ಲಿ ತಣಿದು ದಿಂಬಿನಂತೆ ಗಟ್ಟಿಯಾದ ಲಾವಾ ಇಲ್ಲಿದೆ. ನಮ್ಮ ಅದಿರಿನ ಲಾರಿಗಳು ಹೊತ್ತೊಯ್ಯುವ ಕಬ್ಬಿಣವೂ ಒಂದು ಕಾಲಕ್ಕೆ ಸಮುದ್ರದ ನೀರಿನಲ್ಲಿ ಕರಗಿದ್ದು, ತಳಕ್ಕಿಳಿದು ಪದರ ಪದರವಾಗಿ ಕೂತದ್ದೇ. ಇದನ್ನು ಹೇಳಿದಾಗ ಹುಡುಗಿ ಕಣ್ಣರಳಿಸಿ, ‘ಹಂಗಾದ್ರೆ ನಮ್ಮ ಮೀನು ತವರಿಗೆ ಬಂದಂಗಾತು ತಾತ’ ಎಂದಿದ್ದಳು.

ಆ ಹುಡುಗಿಯೇ ಆರು ತಿಂಗಳ ನಂತರ ಅಳುತ್ತ ಫೋನಿನಲ್ಲಿ ಕೇಳಿದ ಇನ್ನೊಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ಥಟ್ಟನೆ ಉತ್ತರವಿರಲಿಲ್ಲ. ‘ಔಷಧಿ ಹಾಕಿದ್ರೂ ಯಾಕೆ ಸತ್ತೋತು ತಾತ?’

ನಡೆದದ್ದು ಇಷ್ಟು. ನನ್ನ ಅಳಿಯ ಪಟ್ಟಣದ ಅಂಗಡಿಯೊಂದರಿಂದ ನೀಲಿ ಬಣ್ಣದ ಟ್ಯಾಂಗ್ ಮೀನೊಂದನ್ನು ತಂದು, ಅದೇ ದಿನ ಮನೆಯ ತೊಟ್ಟಿಗೆ ಬಿಟ್ಟ. ವಾರ ಕಳೆಯುವುದರೊಳಗೆ ಅದರ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆ ಕಾಣಿಸಿದವು. ಇನ್ನೆರಡು ದಿನಕ್ಕೆ ಕ್ಲೌನ್ ಮೀನುಗಳ ಮೇಲೂ ಬಂದವು. ನನಗೆ ಫೋನು ಮಾಡಿದ. ಮೀನು ಸಾಕುವುದರಲ್ಲಿ ನಾನು ಅವನಿಗಿಂತ ಇಪ್ಪತ್ತು ವರ್ಷ ಹಿರಿಯ. ಮೂರನ್ನೂ ಬೇರೆ ತೊಟ್ಟಿಗೆ ಹಾಕು, ತಾಮ್ರದ ಔಷಧ ಕೊಡು ಎಂದೆ. ಔಷಧದ ಪ್ರಮಾಣವನ್ನು ದಶಾಂಶದವರೆಗೂ ಲೆಕ್ಕ ಹಾಕಿ ಬರೆಸಿದೆ. ನೀರಿನ ಬಗ್ಗೆ ಒಂದು ಮಾತೂ ಹೇಳಲಿಲ್ಲ.

ಅವನು ಹೇಳಿದಂತೆಯೇ ಮಾಡಿದ. 40 ಲೀಟರಿನ ಪ್ಲಾಸ್ಟಿಕ್ ತೊಟ್ಟಿ ತಂದು ತೊಳೆದು ಹೊಸ ಉಪ್ಪುನೀರು ತುಂಬಿದ, ಔಷಧ ಹಾಕಿದ. ಕಾಯಿಲೆಯವಕ್ಕೆ ಶಕ್ತಿ ಬರಲಿ ಎಂದು ದಿನಕ್ಕೆ ಮೂರು ಹೊತ್ತು ತಿನ್ನಿಸಿದ. ಮೂರನೆಯ ದಿನ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ರೋಗ ಹೆಚ್ಚಾಯಿತೆಂದು ಇನ್ನಷ್ಟು ಔಷಧ ಹಾಕಿದ. ನಾಲ್ಕನೆಯ ದಿನ ಬೆಳಿಗ್ಗೆ ಟ್ಯಾಂಗ್ ಸತ್ತಿತ್ತು. ಸಂಜೆಗೆ ಒಂದು ಕ್ಲೌನ್ ಮೀನು. ಎರಡರ ಮೈಮೇಲೂ ಚುಕ್ಕೆಗಳು ಕಡಿಮೆಯಾಗಿದ್ದವು!

ರೋಗ ಇಳಿಯುತ್ತಿದ್ದಾಗಲೇ ಮೀನು ಸತ್ತಿತೆಂದರೆ ಸಾವಿಗೆ ಬೇರೆ ಕಾರಣ ಇರಲೇಬೇಕಲ್ಲ? ಅಮೋನಿಯ ಅಳೆಯುವ ಕಿಟ್ ತರಿಸಲು ಹೇಳಿದೆ. ಮರುದಿನ ಬಂತು. ಹಳದಿಯಾಗಿರಬೇಕಾದ ನೀರು ಕಡುಹಸಿರಿಗೆ ತಿರುಗಿತು. ಮೀನುಗಳು ತಮ್ಮದೇ ಕೊಳೆಯಲ್ಲಿ ಉಸಿರುಕಟ್ಟಿ ಸತ್ತಿದ್ದವು.

ಮೀನು ತಿಂದ ಆಹಾರದಲ್ಲಿನ ಪ್ರೋಟೀನು ದೇಹದಲ್ಲಿ ಬಳಕೆಯಾಗಿ ಉಳಿಯುವ ಕಶ್ಮಲವೇ ಅಮೋನಿಯ. ನಾವು ಅದನ್ನು ಯೂರಿಯ ಮಾಡಿ ಮೂತ್ರದಲ್ಲಿ ಹೊರಹಾಕುತ್ತೇವೆ. ಮೀನು ಬಹುಪಾಲನ್ನು ಕಿವಿರಿನ ಮೂಲಕ ನೇರವಾಗಿ ನೀರಿಗೆ ಬಿಡುತ್ತದೆ. ಸುತ್ತಲಿನ ನೀರಿನಲ್ಲಿ ಅಮೋನಿಯ ಕಡಿಮೆ ಇದ್ದಾಗ ಮಾತ್ರ ಅದು ಸರಾಗವಾಗಿ ಹೊರಹೋಗುತ್ತದೆ. ನೀರಿನಲ್ಲೇ ಅದು ತುಂಬಿಕೊಂಡಾಗ ಒಳಗಿನದು ಒಳಗೇ ಉಳಿಯುತ್ತದೆ, ಕಿವಿರು ಸುಡುತ್ತದೆ, ಮೀನು ಬಾಯಿ ಬಡಿಯುತ್ತದೆ. ರೋಗಾಣು ಕಿವಿರಿಗೆ ಹತ್ತಿದಾಗಲೂ ಮೀನು ಹೀಗೆಯೇ ಮಾಡುತ್ತದೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅಳೆಯದೆ ಗೊತ್ತಾಗುವುದಿಲ್ಲ. ನನ್ನ ಅಳಿಯ ಎಡವಿದ್ದು ಇಲ್ಲಿ. ಎಡವಿಸಿದವನು ನಾನು.

ಹಾಗಾದರೆ ಮನೆಯ ದೊಡ್ಡ ತೊಟ್ಟಿಯಲ್ಲಿ ಆರು ತಿಂಗಳು ಏಕೆ ಏನೂ ಆಗಲಿಲ್ಲ? ಅಲ್ಲಿ ಕಣ್ಣಿಗೆ ಕಾಣದ ಆಳುಗಳಿದ್ದರು. ಮರಳಿನಲ್ಲಿ, ಕಲ್ಲಿನ ಮೇಲೆ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಮತ್ತೆ ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟಿನ ಕಾಟ ಬಹಳ ಕಡಿಮೆ. ಆದರೆ ಹೊಸ ತೊಟ್ಟಿಯೊಂದರಲ್ಲಿ ಈ ಬ್ಯಾಕ್ಟೀರಿಯಗಳ ಸಂಸಾರ ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಆಗತಾನೆ ತೊಳೆದಿಟ್ಟ ಆಸ್ಪತ್ರೆ ತೊಟ್ಟಿಯಲ್ಲಿ ಅವು ಇರುವುದೇ ಇಲ್ಲ. ಅಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು.

‘ಹಂಗಿದ್ರೆ ಔಷಧಾನ ದೊಡ್ಡ ತೊಟ್ಟಿಗೇ ಹಾಕಿದ್ರೆ ಆಗ್ತಿತ್ತಲ್ಲ ಮಾಮ?’ ಎಂದು ಅಳಿಯ ಕೇಳಿದ. ಆಗುವುದಿಲ್ಲ. ತಾಮ್ರ ಬಸವನಹುಳು, ಸಿಗಡಿ, ಹವಳ ಯಾವುದನ್ನೂ ಉಳಿಸುವುದಿಲ್ಲ. ಸುಣ್ಣದ ಅಂಶವಿರುವ ಕಲ್ಲು, ಮರಳು ತಾಮ್ರವನ್ನು ಹೀರಿಕೊಳ್ಳುತ್ತವೆ. ಹೀಗಾಗಿ ಎಷ್ಟು ಔಷಧ ನೀರಿನಲ್ಲಿ ಉಳಿದಿದೆ ಎಂಬ ಲೆಕ್ಕವೇ ತಪ್ಪುತ್ತದೆ. ಆದ್ದರಿಂದಲೇ ಆಸ್ಪತ್ರೆ ತೊಟ್ಟಿ ಬರಿದಾಗಿರಬೇಕು. ಮೀನು ಅಡಗಿ ಕೂರಲು ಒಂದು ಪಿವಿಸಿ ಪೈಪಿನ ತುಂಡು ಸಾಕು. ಕೊಳೆ ಸೋಸುವ ಇದ್ದಿಲನ್ನೂ ಹಾಕಬಾರದು. ಅದು ಔಷಧವನ್ನೂ ಸೋಸಿಬಿಡುತ್ತದೆ.

ಬಿಳಿ ಚುಕ್ಕೆಯ ರೋಗವನ್ನು ನಾಲ್ಕು ದಿನದಲ್ಲಿ ಮುಗಿಸಲೂ ಬರುವುದಿಲ್ಲ. ಅದನ್ನು ತರುವ ಸೂಕ್ಷ್ಮಜೀವಿ ಕೆಲವು ದಿನ ಮೀನಿನ ಚರ್ಮದೊಳಗೆ ಹುದುಗಿರುತ್ತದೆ, ಆಮೇಲೆ ಉದುರಿ ತಳದಲ್ಲಿ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡು ಒಡೆದು ನೂರಾರು ಮರಿಗಳು ಈಜಿ ಬಂದು ಮತ್ತೆ ಮೀನನ್ನು ಹುಡುಕುತ್ತವೆ. ತಾಮ್ರಕ್ಕೆ ಸಿಕ್ಕಿ ಸಾಯುವುದು ಈಜುವ ಈ ಮರಿಗಳು ಮಾತ್ರ. ಮೈಮೇಲಿನ ಚುಕ್ಕೆ ಮಾಯವಾದದ್ದು ರೋಗ ಹೋಯಿತೆಂಬುದಕ್ಕೆ ಸಾಕ್ಷಿಯಲ್ಲ. ಔಷಧ ಎರಡು ಮೂರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ನಡೆಯಬೇಕು. ಅಷ್ಟು ದಿನವೂ ಆ ಪುಟ್ಟ ತೊಟ್ಟಿಯ ನೀರು ಚೆನ್ನಾಗಿರಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಮೂರು ಮೀನು ಸೇರಿ ತೊಟ್ಟಿಯ ನೀರಿಗೆ ದಿನಕ್ಕೆ ಲೀಟರಿಗೆ 0.4 ಮಿಲಿಗ್ರಾಂ ಅಮೋನಿಯ ಸೇರಿಸುತ್ತವೆ ಎಂದಿಟ್ಟುಕೊಳ್ಳಿ. ದಿನವೂ ಕಾಲು ಭಾಗ ನೀರು ಬದಲಿಸಿದರೆ ಸಾಕಲ್ಲ ಎನ್ನಿಸುತ್ತದೆ. ಆದರೆ ಕಾಲು ಭಾಗ ನೀರಿನೊಂದಿಗೆ ಹೋಗುವುದು ಕಾಲು ಭಾಗ ಅಮೋನಿಯ ಮಾತ್ರ, ಮುಕ್ಕಾಲು ಉಳಿಯುತ್ತದೆ. ಅದರ ಮೇಲೆ ಮರುದಿನದ 0.4 ಬಂದು ಕೂಡುತ್ತದೆ. ಹೀಗೆ ಏರುತ್ತ ಏರುತ್ತ ಅದು 1.6ರ ಹತ್ತಿರ ಹೋಗಿ ನಿಲ್ಲುತ್ತದೆ. ದಿನವೂ ಅರ್ಧ ನೀರು ಬದಲಿಸಿದರೆ 0.8ಕ್ಕೆ ನಿಲ್ಲುತ್ತದೆ. ತಿನ್ನಿಸುವುದನ್ನೂ ಅರ್ಧ ಮಾಡಿದರೆ 0.4ರ ಆಸುಪಾಸಿಗೆ ಬರುತ್ತದೆ. ಕೊಳೆಯ ಮೂಲ ಊಟದಲ್ಲಿದೆ. ಕಾಯಿಲೆಯ ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ, ಉಳಿದದ್ದನ್ನು ಆಗಲೇ ತೆಗೆದುಬಿಡಬೇಕು.

ತುಂಗಭದ್ರಾ ಅಣೆಕಟ್ಟೆಯ ಕಡೆಯ ಮೀನುಮರಿ ಸಾಗಿಸುವವರನ್ನು ಕೇಳಿ ನೋಡಿ, ಅವರಿಗೆ ಇದು ಹಳೆಯ ಪಾಠ. ಹೊಸಪೇಟೆಯ ಬಳಿ ತುಂಗಭದ್ರಾ ಮಂಡಳಿಗೆ ತನ್ನದೇ ಮೀನುಮರಿ ಸಾಕಣೆ ಕೇಂದ್ರವಿದೆ. ಕಾಟ್ಲಾ, ರೋಹು, ಮೃಗಾಲದ ಮರಿಗಳನ್ನು ಕೆರೆಗಳಿಗೆ ಕಳಿಸುವ ಮೊದಲು ಅವನ್ನು ಒತ್ತಾಗಿ ಕೂಡಿಹಾಕಿ, ಮೇವು ಕೊಡದೆ, ಹೊಟ್ಟೆ ಖಾಲಿ ಮಾಡಿಸುವುದು ಈ ಕಸುಬಿನ ಪದ್ಧತಿ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸ್ವಲ್ಪ ನೀರು, ಮರಿಗಳು, ಉಳಿದ ಜಾಗಕ್ಕೆಲ್ಲ ಆಮ್ಲಜನಕ ತುಂಬಿ ಬಾಯಿ ಕಟ್ಟುತ್ತಾರೆ. ಹೊಟ್ಟೆ ತುಂಬಿದ ಮರಿ ಚೀಲದ ನೀರನ್ನು ದಾರಿಯಲ್ಲೇ ಕೆಡಿಸುತ್ತದೆ. ಒಂದು ದಿನದ ಉಪವಾಸದಿಂದ ಸಾಯುವ ಮೀನಿಗಿಂತ ಕೊಳೆನೀರಿನಿಂದ ಸಾಯುವ ಮೀನು ಹೆಚ್ಚು ಎಂದು ಅವರಿಗೆ ಗೊತ್ತು.

ಅಮೋನಿಯಕ್ಕೆ ಇನ್ನೊಂದು ಗುಣವಿದೆ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ. ಒಂದು ಕಡು ವಿಷ, ಇನ್ನೊಂದು ಅಷ್ಟಾಗಿ ಕೆಡುಕು ಮಾಡದ್ದು. ಯಾವುದು ಎಷ್ಟಿರಬೇಕೆಂದು ನಿರ್ಧರಿಸುವುದು ನೀರಿನ ಪಿಎಚ್, ಎಂದರೆ ಹುಳಿ-ಕ್ಷಾರದ ಅಳತೆ. 25 ಡಿಗ್ರಿ ಶಾಖದ ಸಿಹಿನೀರಿನಲ್ಲಿ ಪಿಎಚ್ 7 ಇದ್ದರೆ ನೂರರಲ್ಲಿ ಅರ್ಧ ಪಾಲು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಐದು ಪಾಲು, ಸುಮಾರು ಹತ್ತು ಪಟ್ಟು! ಸಮುದ್ರದ ನೀರಿನ ಪಿಎಚ್ 8ರಿಂದ 8.3ರವರೆಗೆ ಇರುತ್ತದೆ. ಸಿಹಿನೀರಿನ ಮೀನು ಸಾಕಿ ಪಳಗಿದವರು ಉಪ್ಪುನೀರಿನಲ್ಲಿ ಏಮಾರುವುದು ಈ ಕಾರಣಕ್ಕೆ. ಅದೇ ಅಮೋನಿಯ ಇಲ್ಲಿ ಹೆಚ್ಚು ಕಚ್ಚುತ್ತದೆ. ಬಿಸಿ ಏರಿದರೆ ಇನ್ನೂ ಹೆಚ್ಚು.

ದೂರದಿಂದ ಚೀಲದಲ್ಲಿ ಬಂದ ಮೀನಿನ ವಿಷಯವೂ ಇದೇ. ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ಚೀಲದ ನೀರನ್ನು ಹುಳಿಯಾಗಿಸುವುದರಿಂದ ಅಲ್ಲಿ ಸೇರಿದ ಅಮೋನಿಯ ಬಹುಮಟ್ಟಿಗೆ ನಿರಪಾಯ ರೂಪದಲ್ಲಿರುತ್ತದೆ. ಚೀಲದ ಬಾಯಿ ಬಿಚ್ಚಿದೊಡನೆ ಆ ಅನಿಲ ಹೊರಟುಹೋಗಿ ಪಿಎಚ್ ಏರುತ್ತದೆ, ವಿಷ ಜಾಗೃತವಾಗುತ್ತದೆ. ಆದ್ದರಿಂದ ದಿನವಿಡೀ ಪ್ರಯಾಣ ಮಾಡಿ ಬಂದ ಮೀನನ್ನು ಬಾಯಿ ಬಿಚ್ಚಿದ ಚೀಲದಲ್ಲಿ ಗಂಟೆಗಟ್ಟಲೆ ಇಡಬಾರದು. ಚೀಲವನ್ನು ಕಟ್ಟಿದಂತೆಯೇ ತೊಟ್ಟಿಯಲ್ಲಿ ತೇಲಿಬಿಟ್ಟು ಶಾಖ ಸರಿಮಾಡಿ, ಎರಡರ ಉಪ್ಪಿನಂಶ ಹತ್ತಿರವಿದೆಯೆಂದು ನೋಡಿಕೊಂಡು, ಬೇಗ ಬಿಡಬೇಕು. ಚೀಲದ ನೀರನ್ನು ಮಾತ್ರ ತೊಟ್ಟಿಗೆ ಸುರಿಯಬಾರದು.

ಉಳಿದ ಒಂದೇ ಕ್ಲೌನ್ ಮೀನನ್ನು ಉಳಿಸಿಕೊಳ್ಳಲು ಮಾಡಿದ ಏರ್ಪಾಟನ್ನು ಈಗ ಹೇಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲ ಕೆಲಸ ಒಳ್ಳೆಯ ನೀರು. ಈ ಭಾಗದ ಕೆಲವು ಬೋರ್‌ವೆಲ್ ನೀರಿನಲ್ಲಿ ಕರಗಿದ ಕಬ್ಬಿಣ ಇರುತ್ತದೆ. ಹಿಡಿದಾಗ ತಿಳಿಯಾಗಿದ್ದ ಬಕೆಟ್ಟು ಬೆಳಗಾಗುವುದರಲ್ಲಿ ಕೆಂಪಗಾಗಿರುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಇರಬಹುದು. ಹಿಂದೆ ಫೋಟೋ ಸ್ಟುಡಿಯೋದವರು ಬಳಸುತ್ತಿದ್ದ ಹೈಪೋ ಹರಳು ಕ್ಲೋರಿನ್ನನ್ನು ತೆಗೆಯುತ್ತದೆ. ಈಗಂತೂ ಹಳ್ಳಿ ಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಆರ್‌ಒ ನೀರು ಸಮುದ್ರದ ಉಪ್ಪು ಕಲಸಲು ಹೇಳಿ ಮಾಡಿಸಿದಂತಿದೆ. ಅಳಿಯ ದಿನವೂ ಒಂದು ಕ್ಯಾನು ತಂದ.

ಉಪ್ಪು ಅಡುಗೆಮನೆಯದಲ್ಲ. ಸಮುದ್ರದ ನೀರಿನ ಲವಣಗಳಲ್ಲಿ ಸೋಡಿಯಂ, ಕ್ಲೋರೈಡುಗಳ ಪಾಲು ನೂರಕ್ಕೆ ಎಂಬತ್ತೈದರಷ್ಟು. ಉಳಿದದ್ದು ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಷಿಯಂ, ಪೊಟ್ಯಾಷಿಯಂ ಇತ್ಯಾದಿ. ಸಮುದ್ರದ ಮೀನಿಗೆ ಇವೂ ಬೇಕು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರ ಉಪ್ಪಿನ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಒಂದು ದಿನ ಗಾಳಿಯಾಡಿಸಿ, ಹೈಡ್ರೋಮೀಟರಿನಲ್ಲಿ 1.025 ಬಂತೆಂದು ನೋಡಿ, ಶಾಖ ಹೊಂದಿಸಿ ಆಮೇಲೆ ಬಳಸಬೇಕು. ಮೀನಿರುವ ತೊಟ್ಟಿಗೇ ಉಪ್ಪು ಸುರಿದು ಕಲಕುವುದು ಬೇಡ.

ಎರಡನೆಯದು ಬದಲಿಸುವ ಲೆಕ್ಕ. ಮೊದಲ ವಾರ ದಿನಕ್ಕೆ 20 ಲೀಟರ್ ಬದಲಿಸಿದರು. ಅದಕ್ಕೆ ದಿನಕ್ಕೆ 700 ಗ್ರಾಂ ಉಪ್ಪಿನ ಮಿಶ್ರಣ ಬೇಕು, ಖರ್ಚಿನ ಬಾಬ್ತೇ. ಒಂದೇ ಮೀನಾದ್ದರಿಂದ ಆಮೇಲೆ 10 ಲೀಟರ್ ಸಾಕಾಯಿತು. ಇಲ್ಲೊಂದು ಎಚ್ಚರಿಕೆ. 40 ಲೀಟರಿನಲ್ಲಿ 20 ಲೀಟರ್ ತೆಗೆದು ಹೊಸದು ಹಾಕಿದಾಗ ಔಷಧವನ್ನು ಹೊಸ 20 ಲೀಟರಿಗೆ ಮಾತ್ರ ಸೇರಿಸಬೇಕು. ಪೂರ್ತಿ 40 ಲೀಟರಿಗೆ ದಿನವೂ ಹಾಕುತ್ತ ಹೋದರೆ ನಾಲ್ಕು ದಿನದಲ್ಲಿ ಪ್ರಮಾಣ ಎರಡು ಪಟ್ಟಿನ ಹತ್ತಿರ ಬರುತ್ತದೆ. ತಾಮ್ರ ಔಷಧವಾಗಿ ಕೆಲಸ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಅಂತರ ಕಡಿಮೆ. ತಾಮ್ರ ಅಳೆಯುವ ಕಿಟ್ ಇಲ್ಲದೆ ತಾಮ್ರ ಮುಟ್ಟಬೇಡಿ. ಅಮೋನಿಯವನ್ನು ಕಟ್ಟಿಹಾಕುವ ದ್ರಾವಣಗಳು ಅಂಗಡಿಯಲ್ಲಿ ಸಿಗುತ್ತವೆ ನಿಜ, ಆದರೆ ಅವುಗಳಲ್ಲಿ ಕೆಲವು ತಾಮ್ರದ ಜೊತೆ ಸೇರಿದರೆ ಮೀನಿಗೆ ಅಪಾಯ. ಎರಡರ ಚೀಟಿಯನ್ನೂ ಓದದೆ ಬೆರೆಸಬಾರದು.

ಮೂರನೆಯದು ಗಾಳಿ. ಉಪ್ಪುನೀರು ಸಿಹಿನೀರಿನಷ್ಟು ಆಮ್ಲಜನಕವನ್ನು ಹಿಡಿದಿಡುವುದಿಲ್ಲ. 25 ಡಿಗ್ರಿಯಲ್ಲಿ ಸಿಹಿನೀರಿನ ಪ್ರತಿ ಲೀಟರಿನಲ್ಲಿ 8.2 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. ಸಮುದ್ರದ ನೀರಿನಲ್ಲಿ 6.7ರಷ್ಟು, 30 ಡಿಗ್ರಿಗೆ 6.2. ನಮ್ಮ ಬಳ್ಳಾರಿ ಬಿಸಿಲಿನಲ್ಲಿ ತೊಟ್ಟಿ ಕಾಯುವುದು ಎಷ್ಟು ಹೊತ್ತು? ನೀರಿನ ಮೇಲೆ ಪುಟ್ಟ ಫ್ಯಾನು ತಿರುಗಿಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಆದರೆ ಹೀಗೆ ಆರಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿದು ಗಾಢವಾಗುತ್ತದೆ. ಆದ್ದರಿಂದ ತೊಟ್ಟಿಯ ಹೊರಗೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದಿಡಿ. ಕಡಿಮೆಯಾದಷ್ಟನ್ನು ಬರೀ ಸಿಹಿನೀರಿನಿಂದ ತುಂಬಿಸಿ. ಕರೆಂಟು ಹೋದಾಗ ಬ್ಯಾಟರಿಯ ಏರ್ ಪಂಪು, ಅದೂ ಇಲ್ಲದಿದ್ದರೆ ಲೋಟದಲ್ಲಿ ನೀರೆತ್ತಿ ಮೇಲಿನಿಂದ ಹುಯ್ಯುವುದು. ಹುಡುಗಿ ಒಂದು ರಾತ್ರಿ ಅಮ್ಮನ ಜೊತೆ ಸರದಿಯ ಮೇಲೆ ಈ ಕೆಲಸ ಮಾಡಿದಳು.

ಇಷ್ಟೆಲ್ಲ ಒದ್ದಾಟ ತಪ್ಪಿಸಲು ಒಂದು ಸುಲಭದ ದಾರಿ ಇತ್ತು. ದೊಡ್ಡ ತೊಟ್ಟಿಯಲ್ಲಿ ಯಾವಾಗಲೂ ಒಂದು ಹೆಚ್ಚುವರಿ ಸ್ಪಂಜ್ ಫಿಲ್ಟರ್ ಓಡುತ್ತಿರಲಿ. ಆರೆಂಟು ವಾರದಲ್ಲಿ ಅದರ ತುಂಬ ಆ ಕಾಣದ ಆಳುಗಳು ನೆಲೆಸಿರುತ್ತವೆ. ಅಗತ್ಯ ಬಿದ್ದ ದಿನ ಅದನ್ನೆತ್ತಿ ಆಸ್ಪತ್ರೆ ತೊಟ್ಟಿಗೆ ಹಾಕಿದರಾಯಿತು. ಕೆಲವು ಔಷಧಗಳು ಈ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತವಾದ್ದರಿಂದ ಅಳೆಯುವುದನ್ನು ಬಿಡುವಂತಿಲ್ಲ. ರೋಗದ ತೊಟ್ಟಿ ಕಂಡ ಸ್ಪಂಜು, ಬಲೆ, ಬಕೆಟ್ಟು ಮತ್ತೆ ದೊಡ್ಡ ತೊಟ್ಟಿಗೆ ಹೋಗಬಾರದು ಎಂಬುದನ್ನೂ ಮರೆಯಬಾರದು.

ಎಲ್ಲಕ್ಕಿಂತ ಮೊದಲ ತಪ್ಪು ಹೊಸ ಮೀನನ್ನು ಬಂದ ದಿನವೇ ಹಳೆಯ ಮೀನುಗಳ ಜೊತೆ ಬಿಟ್ಟದ್ದು. 1377ರಲ್ಲಿ ರಗೂಸ ಎಂಬ ಬಂದರು, ಈಗಿನ ಡುಬ್ರೋವ್ನಿಕ್, ಪ್ಲೇಗು ಇರುವ ಊರುಗಳಿಂದ ಬಂದವರು ಮೂವತ್ತು ದಿನ ಹೊರಗೇ ಇರಬೇಕೆಂದು ಕಟ್ಟಳೆ ಮಾಡಿತು. ಮುಂದೆ ಅದು ನಲವತ್ತು ದಿನವಾಗಿ, ಇಟಲಿಯ ‘ನಲವತ್ತು’ ಎಂಬ ಮಾತಿನಿಂದ ಕ್ವಾರಂಟೈನ್ ಪದ ಹುಟ್ಟಿತು. 2020ರಲ್ಲಿ ನಮ್ಮ ಮನೆಗಳ ಬಾಗಿಲಿಗೂ ಆ ಪದ ಅಂಟಿಕೊಂಡಿತ್ತು. ಸಿಗಡಿ ಕೃಷಿಯವರು ಇದನ್ನು ನಷ್ಟದಿಂದ ಕಲಿತರು. 1990ರ ದಶಕದ ಮಧ್ಯಭಾಗದಲ್ಲಿ ಬಿಳಿ ಚುಕ್ಕೆ ವೈರಸ್ (ಹೆಸರು ಒಂದೇ ಥರ, ರೋಗ ಬೇರೆ) ದೇಶದ ಸಿಗಡಿ ಹೊಂಡಗಳನ್ನು ಬರಿದು ಮಾಡಿತು. 2009ರಲ್ಲಿ ವಿದೇಶಿ ವನ್ನಾಮೈ ಸಿಗಡಿಯನ್ನು ಒಳಗೆ ಬಿಟ್ಟಾಗ, ತಾಯಿ ಸಿಗಡಿಗಳನ್ನೆಲ್ಲ ಚೆನ್ನೈನ ನೀಲಾಂಕರೈಯ ಕೇಂದ್ರದಲ್ಲಿ ಪ್ರತ್ಯೇಕವಾಗಿಟ್ಟು ಪರೀಕ್ಷಿಸಿದ ಮೇಲೆಯೇ ಹ್ಯಾಚರಿಗಳಿಗೆ ಕೊಡುವ ವ್ಯವಸ್ಥೆಯಾಯಿತು. ಮನೆಯಲ್ಲಿ ನಮಗೆ ಬೇಕಾದದ್ದು ಒಂದು ಬರಿದಾದ ತೊಟ್ಟಿ, ಒಂದು ಪಳಗಿದ ಸ್ಪಂಜು, ನಾಲ್ಕಾರು ವಾರದ ತಾಳ್ಮೆ.

ಅಳಿಯನ ಕ್ಲೌನ್ ಮೀನು ಬದುಕಿತು. ದೊಡ್ಡ ತೊಟ್ಟಿಯನ್ನು ಹತ್ತು ವಾರ ಮೀನಿಲ್ಲದೆ ಬಿಟ್ಟು, ಅಲ್ಲಿ ಉಳಿದಿರಬಹುದಾದ ರೋಗಾಣು ಹಸಿದು ಸಾಯಲು ಸಮಯ ಕೊಟ್ಟು, ಆಮೇಲೆ ಅದನ್ನು ವಾಪಸು ಬಿಟ್ಟರು. ನಾನು ಹೋಗಿದ್ದೆ. ಹುಡುಗಿ ತನ್ನ ನೋಟ್‌ಬುಕ್ಕು ತೋರಿಸಿದಳು. ಗೆರೆ ಎಳೆದು ಮನೆ ಮಾಡಿ, ತಾರೀಖು, ಅಮೋನಿಯ, ಉಪ್ಪು, ಶಾಖ, ಎಷ್ಟು ನೀರು ಬದಲಿಸಿದ್ದು ಎಲ್ಲ ಬರೆದಿದ್ದಳು. ಮೊದಲ ಪುಟ ಮಾತ್ರ ಖಾಲಿ ಇತ್ತು. ಏಕೆಂದು ಕೇಳಿದೆ. ‘ಅವು ಸತ್ತ ನಾಕು ದಿನದ್ದು ತಾತ. ಅವಾಗ ಯಾರೂ ನೋಡಿರ್ಲಿಲ್ಲಲ್ಲ’ ಎಂದಳು.

ಜೊತೆಗೆ ಇನ್ನೊಂದು ಮೀನು ತರುವ ಮಾತು ಊಟದ ಹೊತ್ತಿಗೆ ಬಂತು. ಅಳಿಯ ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಅವನನ್ನು ಕೇಳಿದಳು:

‘ಸ್ಪಂಜು ರೆಡಿ ಐತಾ ಅಪ್ಪ?’